ಇವತ್ತಿನ ಪದ: ಕೊಂಡಿ

ಆನ್‌ಲೈನ್ ನಿಘಂಟಿಗೆ ದಿನಕ್ಕೊಂದು ಪದ ಆರಿಸೋದು ಹಗುರ ಕೆಲಸ ಅನಿಸುತ್ತದೆ, ಅಲ್ವಾ? ಕೂತವರಿಗೇ ಗೊತ್ತು.

'ಕಿಂಕರ್ತವ್ಯಮೂಢ' ಹಾಕಿದರೆ ಜನ ಭೇಷ್ ಅಂತಾರೆ, ಮುಂದೆ ಹೋಗುತ್ತಾರೆ. ತೀರಾ ಹಳಗನ್ನಡ ಹಾಕಿದರೆ ಅದೂ ಇಲ್ಲ. ನನಗೆ ಇಷ್ಟವಾಗೋದು ದಿನಾ ಬಾಯಲ್ಲಿದ್ದೂ ಯಾರೂ ತಿರುಗಿ ನೋಡದ ಪದ.

ಇವತ್ತು 'ಕೊಂಡಿ' ತೆಗೆದುಕೊಂಡೆ. ಚೇಳಿನ ಬಾಲದ್ದು ಕೊಂಡಿ. ಸರಪಳಿಯದ್ದೂ ಕೊಂಡಿ. ಈಗ ಲಿಂಕ್‌ಗೂ ಅದೇ ಹೆಸರು.

ಅಷ್ಟರಲ್ಲಿ ಇಳಕಲ್ಲಿನಿಂದ ಚಿಗವ್ವನ ಫೋನ್. ಸುಮ್ನೆ ಹೇಳಿದೆ.

"ಕೊಂಡಿ ಅಂದ್ರ ಮೊದ್ಲ ಸೀರಿದು ಹಾಕಪಾ. ಚೇಳಿಂದು ಆಮ್ಯಾಲ!"

ಇಳಕಲ್ ಸೀರೆಯ ಗುಟ್ಟೇ ಅದು. ಮೈಯ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮೈ ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದು. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಎಲ್ಲ ಎಳೆಗೂ, ಕೈಯಿಂದಲೇ. ಆ ಕೂಡಿಕೆಯೇ ಕೊಂಡಿ. ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ಮಗ್ಗದ ಸದ್ದು ಶುರುವಾಗುವ ಮೊದಲೇ ಇಷ್ಟು ಕೆಲಸ. ಸೀರೆ ಉಟ್ಟವರಿಗೆ ಆ ಜಾಗ ಕಣ್ಣಿಗೆ ಬೀಳೋದೂ ಕಡಿಮೆ.

ಅರ್ಥಗಳನ್ನು ಯಾವ ಸಾಲಿನಲ್ಲಿ ಇಡಬೇಕು ಅನ್ನೋದಕ್ಕೆ ನಿಘಂಟುಕಾರರಲ್ಲಿ ಜಾಸ್ತಿ ಜಗಳ ಇದೆ. ಹಳೆಯದು ಮೊದಲೋ, ಬಳಕೆಯದು ಮೊದಲೋ ಅಂತ. ಬಳಕೆ ಅಂದರೂ, ಯಾವ ಊರಿನ ಬಳಕೆ?

ಇವತ್ತಿಗೆ ಇಳಕಲ್ಲಿನದು. ಸೀರೆ ಮೇಲೆ, ಚೇಳು ಎರಡನೇದು, ಲಿಂಕು ಕೊನೆಗೆ. ಚೇಳಿನ ಕಡೆಯವರು ಬೇಜಾರಾಗಬೇಡಿ.

ನಾಳೆಗೆ ಚಕ್ಕಡಿ, ನೊಗದ ಕಡೆಯ ಒಂದು ಪದ ಬೇಕು. ಬಾದಾಮಿ, ಜಮಖಂಡಿ ಕಡೆಯವರು ಇದ್ದರೆ ಹೇಳ್ರಿ.