ನೊವೆನಾಕ್ಕೆ ಬರಲಾಗದವರ ಮೊಂತಿ ಹಬ್ಬ

ಆಗಸ್ಟ್ 30ಕ್ಕೆ ನೊವೆನಾ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ಶುರು. ಅಲ್ಲಿಂದ ಒಂಬತ್ತು ದಿನ ನಮ್ಮ ಮಂಗಳೂರು, ಉಡುಪಿ ಕಡೆಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಮಕ್ಕಳು ತಟ್ಟೆ ತುಂಬ ಹೂವು ಹಿಡಿದು ಬಾಲ ಮರಿಯಮ್ಮನವರ ಮುಂದೆ ಸಾಲು ನಿಲ್ಲುತ್ತಾರೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಈ ದಿನಗಳಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಸಿಕ್ಕಿ ಇದನ್ನೇ ಹೇಳುತ್ತಾರೆ: "ಈ ಸಲ ಒಂದು ದಿನವೂ ನೊವೆನಾಕ್ಕೆ ಹೋಗ್ಲಿಕ್ಕೆ ಆಗ್ಲಿಲ್ಲ, ಅಪ್ಪನನ್ನು ಒಬ್ಬರೇ ಬಿಟ್ಟು ಹೇಗೆ ಹೋಗುವುದು?" ಏನೋ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯೇಸುಸ್ವಾಮಿಯ ಕಾಲದಲ್ಲಿ ಒಂದು ಹರಕೆ ಇತ್ತು. ತನ್ನ ಹಣವನ್ನೋ ಆಸ್ತಿಯನ್ನೋ 'ಕೊರ್ಬಾನ್', ಇದು ದೇವರಿಗೆ ಮುಡಿಪು ಅಂತ ಹೇಳಿಬಿಟ್ಟರೆ ಆಯಿತು, ಆಮೇಲೆ ವಯಸ್ಸಾದ ತಂದೆ ತಾಯಿ ಬಂದು ಕೇಳಿದರೂ ಅದರಿಂದ ಕೊಡುವಂತಿಲ್ಲ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸು ಇದೇ ವಿಷಯಕ್ಕೆ ಫರಿಸಾಯರೆಂಬ ಕಟ್ಟುನಿಟ್ಟಿನ ಯೆಹೂದಿ ಪಂಥದವರನ್ನೂ ಧರ್ಮಶಾಸ್ತ್ರಿಗಳನ್ನೂ ತರಾಟೆಗೆ ತೆಗೆದುಕೊಳ್ಳುತ್ತಾರೆ. ತಂದೆ ತಾಯಿಯನ್ನು ಗೌರವಿಸು ಅನ್ನುವುದು ದೇವರ ಆಜ್ಞೆ, ನೀವು ನಿಮ್ಮ ಸಂಪ್ರದಾಯ ಮುಂದಿಟ್ಟು ಆ ಆಜ್ಞೆಗೇ ಬೆಲೆ ಇಲ್ಲದ ಹಾಗೆ ಮಾಡಿದ್ದೀರಿ ಅಂತ. ಗಮನಿಸಿ, ಆ ಹರಕೆ ಹೊತ್ತವರು ಕಳ್ಳರಲ್ಲ, ಕುಡುಕರಲ್ಲ. ಭಕ್ತರು.

ನಮ್ಮಲ್ಲೂ ಅದು ಬೇರೆ ವೇಷದಲ್ಲಿ ಇದೆ. ಹೊಸ ಇಗರ್ಜಿ ಕಟ್ಟಿದಾಗ ದಾನಿಗಳ ಹೆಸರನ್ನು ಕಲ್ಲಿನ ಫಲಕದಲ್ಲಿ ಕೆತ್ತಿಸುತ್ತಾರೆ. ಅಲ್ಲಿ ಒಂದೆರಡು ಹೆಸರು ಓದುವಾಗ, ಆ ಮನೆಯ ಅಮ್ಮ ಬಿಪಿ ಮಾತ್ರೆಯನ್ನು ಅರ್ಧ ಮಾಡಿ ನುಂಗುವುದು ನನಗೆ ನೆನಪಾಗುತ್ತದೆ. ಎಲ್ಲರೂ ಹಾಗಲ್ಲ, ಸರಿ. ಆದರೆ ಇದ್ದಾರೆ, ಅಲ್ವಾ?

ಹಾಗಂತ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ತಂದೆ ತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಅಂತ ಲೂಕನ 14ನೇ ಅಧ್ಯಾಯದಲ್ಲಿ ಹೇಳುವವರೂ ಇದೇ ಯೇಸುಸ್ವಾಮಿ. ಅಪ್ಪನನ್ನು ಮಣ್ಣು ಮಾಡಿ ಬರುತ್ತೇನೆ ಅಂದವನಿಗೆ, ಸತ್ತವರನ್ನು ಸತ್ತವರೇ ಮಣ್ಣು ಮಾಡಲಿ ಅಂದರು. ಇಗರ್ಜಿಯ ಪ್ರವಚನದಲ್ಲಿ ಈ ಮಾತುಗಳನ್ನು ಮೆತ್ತಗೆ ಮಾಡಿ ದಾಟಿಸಿಬಿಡುವುದು ನನಗೆ ಹಿಡಿಸುವುದಿಲ್ಲ. ಸ್ವತಃ ಮರಿಯಮ್ಮನವರೂ ಇಂಥದ್ದನ್ನು ಕೇಳಿಸಿಕೊಂಡವರೇ. ಮಗನನ್ನು ನೋಡಲು ಬಂದು ಹೊರಗೆ ನಿಂತಿದ್ದಾರೆ, ಒಳಗೆ ಮಗ "ನನ್ನ ತಾಯಿ ಯಾರು?" ಅಂತ ಕೇಳುತ್ತಿದ್ದಾರೆ. ಯಾವ ತಾಯಿಗಾದರೂ ಚುಚ್ಚುತ್ತದೆ.

ಆದರೆ ಇದನ್ನೆಲ್ಲ ಹೇಳಿದವರು ಹೇಗೆ ಬಾಳಿದರು ನೋಡಿ. 12ನೇ ವಯಸ್ಸಿನಲ್ಲಿ ಹೇಳದೆ ಕೇಳದೆ ದೇವಾಲಯದಲ್ಲಿ ಉಳಿದರು, ಹುಡುಕಿಕೊಂಡು ಬಂದವರಿಗೆ ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಲ್ಲವೇ ಅಂದರು. ಆಮೇಲೆ? ಸುಮ್ನೆ ನಜರೇತಿಗೆ ವಾಪಸು ಹೋಗಿ ಅವರಿಗೆ ವಿಧೇಯರಾಗಿದ್ದರು ಅಂತ ಲೂಕ ಬರೆಯುತ್ತಾರೆ. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು, ಆ ಗಳಿಗೆಯಿಂದಲೇ ಆ ಶಿಷ್ಯ ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡ. ಲೋಕದ ರಕ್ಷಣೆ ನಡೆಯುತ್ತಿರುವ ಹೊತ್ತಿನಲ್ಲೂ ಅಮ್ಮ ಇನ್ನು ಯಾರ ಮನೆಯಲ್ಲಿ ಇರುವುದು ಅನ್ನುವ ಯೋಚನೆ! ಮನೆಯವರು ಒಂದು ಕಡೆ, ದೇವರು ಒಂದು ಕಡೆ ಅಂತ ನಿಜವಾಗಿ ಆಗಿಬಿಟ್ಟರೆ ಯಾರು ಮೊದಲು ಅನ್ನುವುದಕ್ಕೆ ಆ ಕಠಿಣ ಮಾತುಗಳು ಅಂತ ನಾನು ತಿಳಿದಿದ್ದೇನೆ. ಅಮ್ಮನ ಮಾತ್ರೆಗೆ ದುಡ್ಡು ಕೊಡದೆ ಇರುವುದಕ್ಕೆ ಅಲ್ಲ.

ಧರ್ಮಸಭೆಗೂ, ಅಂದರೆ ಕ್ರೈಸ್ತ ಸಭೆಗೂ, ಈ ಗೊಂದಲ ಹೊಸದಲ್ಲ. ಈಗಿನ ಟರ್ಕಿಯಲ್ಲಿರುವ ಗಂಗ್ರಾದಲ್ಲಿ 4ನೇ ಶತಮಾನದಲ್ಲಿ ಬಿಷಪರ ಸಭೆ ಸೇರಿತ್ತು, ತಪಸ್ಸಿನ ಹುಚ್ಚಿಗೆ ಬಿದ್ದು ಮನೆಮಠ ಬಿಡುವವರ ಕಾಟ ಆಗಲೂ ಇತ್ತು. ಭಕ್ತಿಯ ನೆಪ ಹೇಳಿ ತಂದೆ ತಾಯಿಯನ್ನು ಕೈಬಿಡುವ ಮಕ್ಕಳಿಗೆ ಬಹಿಷ್ಕಾರ ಅಂತ ಆ ಸಭೆ 16ನೇ ನಿಯಮದಲ್ಲಿ ಬರೆಯಿತು. ಮಕ್ಕಳನ್ನು ಬಿಟ್ಟು ಹೋಗುವ ಅಪ್ಪ ಅಮ್ಮನನ್ನೂ ಬಿಡಲಿಲ್ಲ, ಅವರಿಗೆ 15ನೇ ನಿಯಮ. 13ನೇ ಶತಮಾನದ ಧರ್ಮಪಂಡಿತ ಸಂತ ಥಾಮಸ್ ಅಕ್ವಿನಾಸರು ಸನ್ಯಾಸಿಯಾಗುತ್ತೇನೆ ಅಂದಾಗ ಮನೆಯವರೇ ಹಿಡಿದು ಕೂಡಿಹಾಕಿದ್ದರು. ಅಂಥವರೂ, ನಿನ್ನ ನೆರವಿಲ್ಲದೆ ತಂದೆ ತಾಯಿಯ ಹೊಟ್ಟೆಪಾಡು ನಡೆಯದು ಅಂತಾದರೆ ಅವರನ್ನು ಬಿಟ್ಟು ಮಠ ಸೇರಬೇಡ ಎಂಬ ಅಭಿಪ್ರಾಯವನ್ನೇ ಬರೆದಿಟ್ಟರು. ಮನೆಮನೆಯಿಂದ ಫಾದರ್, ಸಿಸ್ಟರ್ ಆಗಿ ಹೋದ ನಮ್ಮೂರಿಗೆ ಇದು ದೂರದ ಮಾತಲ್ಲ. ಎಂಟು ಹತ್ತು ಮಕ್ಕಳಿದ್ದಾಗ ಒಬ್ಬರು ಹೋದರೂ ಮನೆ ನಡೆಯುತ್ತಿತ್ತು. ಈಗ ಇರುವುದೇ ಒಬ್ಬರು, ಇಬ್ಬರು.

ಇನ್ನು ಮೊಂತಿ ಹಬ್ಬವನ್ನೇ ನೋಡಿ. ಹೊಸ ತೆನೆಯನ್ನು ಫಾದರ್ ಆಶೀರ್ವದಿಸುತ್ತಾರೆ, ಮೆರವಣಿಗೆಯಲ್ಲಿ ಅದು ಇಗರ್ಜಿಯೊಳಗೆ ಹೋಗುತ್ತದೆ, ಬಲಿಪೂಜೆ (ಮಾಸ್) ಆಗುತ್ತದೆ. ಅಲ್ಲಿಗೆ ಹಬ್ಬ ಮುಗಿಯುವುದಿಲ್ಲ. ತೆನೆ ಮನೆಮನೆಗೆ ವಾಪಸು ಬರುತ್ತದೆ. ಭತ್ತ ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಕೊಟ್ಟ ಮೇಲೆಯೇ ಬಾಳೆಲೆ ಊಟ. ಕೊರ್ಬಾನ್‌ನಲ್ಲಿ ಅಪ್ಪ ಅಮ್ಮನ ಪಾಲು ದೇವರ ಹೆಸರಿಗೆ ಹೋಗುತ್ತಿತ್ತು. ಇಲ್ಲಿ ದೇವರಿಗೆ ಒಪ್ಪಿಸಿದ್ದೇ ಅಪ್ಪ ಅಮ್ಮನ ಕೈಗೆ ಬರುತ್ತದೆ.

ಹೋದ ವರ್ಷ ಹಬ್ಬಕ್ಕೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಲಕ್ವ ಹೊಡೆದು ಎಡಗೈ ಆಡುವುದಿಲ್ಲ, ಗಟ್ಟಿ ಏನನ್ನೂ ನುಂಗಲಾಗುವುದಿಲ್ಲ. ಅವರ ಮಗಳು, ನನಗೆ ತಂಗಿ, ನೊವೆನಾಕ್ಕೆ ಹೋದವಳಲ್ಲ, ಪಕ್ಕದ ಮನೆಯ ಹುಡುಗ ತಂದುಕೊಟ್ಟ ತೆನೆಯ ಕಾಳುಗಳನ್ನು ಉಗುರಿನಲ್ಲೇ ಸುಲಿದು, ಕುಟ್ಟಿ ಪುಡಿ ಮಾಡಿ, ಪಾಯಸದ ಹಾಲಿಗೆ ಹಾಕಿ, ತರಿ ಗಂಟಲಿಗೆ ಸಿಕ್ಕೀತು ಅಂತ ಬಿಳಿ ಬಟ್ಟೆಯಲ್ಲಿ ಸೋಸಿದಳು. ಮನೆಯ ಹಿರಿಯರೇ ಕೊಡಬೇಕಲ್ಲ, ಅದಕ್ಕೆ ಪಾತ್ರೆಯನ್ನು ಅವರ ಬಲಗೈಗೆ ತಾಗಿಸಿ ಆಮೇಲೆ ನಮಗೆಲ್ಲ ಕೊಟ್ಟಳು. ಚಿಕ್ಕಪ್ಪ ಒಂದು ಚಮಚ ಕುಡಿದು, ಬೆಲ್ಲ ಕಮ್ಮಿ ಅಂತ ಮುಖ ಸಿಂಡರಿಸಿದರು.

ಅವಳು ಯಾಕೆ ದನಿ ತಗ್ಗಿಸಬೇಕು ಹೇಳಿ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣ ಇದ್ದರೆ ಭಾನುವಾರದ ಬಲಿಪೂಜೆಗೇ ವಿನಾಯಿತಿ ಇದೆ ಅಂತ ಧರ್ಮಸಭೆಯೇ ಕಲಿಸುತ್ತದೆ. ನೊವೆನಾ ಅಂತೂ ಕಡ್ಡಾಯವೇ ಅಲ್ಲ. ಹಾಗಂತ ಅವಳಿಗೆ ಇಗರ್ಜಿ ಬೇಡ ಅಂತ ಅಲ್ಲ, ಆ ಹೂವಿನ ಸಾಲು ನೋಡುವ ಆಸೆ ಅವಳಿಗೂ ಇದೆ. ಒಂಬತ್ತೂ ದಿನ ಹೋಗುವ ನಮ್ಮಂಥವರು ಒಂದು ಸಂಜೆ ಬಿಟ್ಟು ಅಂಥ ಮನೆಯಲ್ಲಿ ಕೂರಬಹುದು. ಯಾರ ಮನೆ ಅಂತ ಇಗರ್ಜಿಯ ವಾರ್ಡಿನ ಮುಖಂಡರಾದ ಗುರಿಕಾರರಿಗೆ ಗೊತ್ತಿರುತ್ತದೆ, ಕೇಳಿ. ಮಾತ್ರೆ ಎಷ್ಟು ಗಂಟೆಗೆ, ಬಾತ್‌ರೂಮಿಗೆ ಹೇಗೆ ಎತ್ತಿ ಕರೆದುಕೊಂಡು ಹೋಗಬೇಕು ಅಂತ ಅವಳು ಹೊರಡುವ ಮೊದಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಅವಳು ಪೂಜೆ ಪೂರ್ತಿ ಮೊಬೈಲೇ ನೋಡುತ್ತಾ ಕೂರುತ್ತಾಳೆ.