‘ಹುಳ ಬರಲ್ಲ’ ಅನ್ನೋದು ಅರ್ಧ ಮಾತು

ಬಿಟಿ ಹತ್ತಿ ಅಂದರೆ ಕಾಯಿ ಕೊರೆಯುವ ಹುಳವನ್ನು ಕೊಲ್ಲುವ ವಿಷ ಗಿಡದಲ್ಲೇ ತಯಾರಾಗುವಂತೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ. ಅದಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ರೈತರ ಕಿವಿಗೆ ಬಿದ್ದದ್ದು ಒಂದೇ ಮಾತು: ಕಾಯಿಕೊರಕ ಬರಲ್ಲ. ಎಷ್ಟು ವರ್ಷ, ಯಾವ ಷರತ್ತಿಗೆ ಅನ್ನೋದು ಚೀಲದ ಒಳಗೇ ಉಳಿಯಿತು.

ಆಗ ಆ ಷರತ್ತು ಒಂದು ಚಿಕ್ಕ ಪೊಟ್ಟಣದಲ್ಲಿತ್ತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜ. ಹೊಲದ ಸುತ್ತ ಐದು ಸಾಲು ಇಲ್ಲವೇ ಬಿತ್ತನೆಯ ಶೇ 20, ಯಾವುದು ಹೆಚ್ಚೋ ಅಷ್ಟು ಈ ಸಾದಾ ಬೀಜ ಹಾಕಬೇಕಿತ್ತು. ಅಲ್ಲಿ ಬೆಳೆದ ಹುಳಕ್ಕೆ ಬಿಟಿ ವಿಷ ತಡೆಯುವ ಶಕ್ತಿ ಇರಲ್ಲ. ವಿಷ ತಡೆದು ಉಳಿದ ಅಪರೂಪದ ಪತಂಗ ಸಾದಾ ಸಾಲಿನಲ್ಲಿ ಬೆಳೆದ ಪತಂಗದ ಜೊತೆ ಕೂಡಿದರೆ ಮರಿಗಳು ಬಹುಪಾಲು ಬಿಟಿ ಗಿಡ ತಿಂದು ಸಾಯುತ್ತವೆ. ಇಷ್ಟನ್ನು ಬಿಡಿಸಿ ಹೇಳದೆ ಹೋದರೆ ಐದು ಸಾಲು ಹುಳಕ್ಕೆ ಬಿಡೋದು ಯಾವ ರೈತನಿಗೆ ತಾನೇ ಸರಿ ಕಂಡೀತು? ಎಷ್ಟೋ ಕಡೆ ಪೊಟ್ಟಣ ಬದುವಿನಲ್ಲೇ ಉಳಿಯಿತು. 2006ರಲ್ಲಿ ಎರಡು ಬಿಟಿ ಜೀನ್‌ನ ಬೀಜ ಬಂತು. ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು.

‘ಖಚಿತವಿಲ್ಲ’ ಅಂದರೆ ಜನ ಹೆದರುತ್ತಾರೆ ಅನ್ನುವ ವಿಜ್ಞಾನಿಗಳ ಮಾತನ್ನು ನಾನು ಒಪ್ಪಲ್ಲ. ಮಳೆಯನ್ನೇ ನಂಬಿ ಬಿತ್ತುವವರಿಗೆ ಅನಿಶ್ಚಿತತೆ ಹೊಸದಲ್ಲ. ಅದರ ಜೊತೆಗೆ ಒಂದು ಕೆಲಸ ಹೇಳಬೇಕು, ಅಷ್ಟೇ: “ಈ ಬೀಜ ಬಿಳಿನೊಣ, ಜಿಗಿಹುಳಕ್ಕೆ ಅಲ್ಲ. ಗುಲಾಬಿ ಹುಳಕ್ಕೂ ಈಗ ನಂಬುವಂತಿಲ್ಲ. ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಎಕರೆಗೆ ಎರಡು ಕಟ್ಟಿ. ಸತತ ಮೂರು ರಾತ್ರಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ, ಅಥವಾ 20 ಹಸಿ ಕಾಯಿ ಸೀಳಿದಾಗ ಎರಡರಲ್ಲಿ ಹುಳ ಕಂಡರೆ, ಆಗ ಕೀಟನಾಶಕ ಸಿಂಪಡಿಸಿ.”