ಹೊಗೆ ಯಾರ ಖಾತೆ?

2018ರ ಜನವರಿ 19, ಶುಕ್ರವಾರ. ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದರೆ ಮಾವನ ಬಿಳಿ ಪಂಚೆಯ ಮೇಲೆಲ್ಲಾ ಕರಿ ಚುಕ್ಕೆ. ಬೆರಳಿನಿಂದ ಒರೆಸಿದೆ, ಮಸಿ ಇನ್ನೂ ಹರಡಿತು. ತಲೆ ಎತ್ತಿದರೆ ಬೆಳ್ಳಂದೂರು ಕೆರೆ ಕಡೆಯಿಂದ ದಟ್ಟ ಹೊಗೆ.

ನಮಗೇನು ಇದು ಹೊಸದಲ್ಲ. 2015ರಲ್ಲಿ ಕೆರೆಯ ನೊರೆಗೇ ಬೆಂಕಿ ಹತ್ತಿತ್ತು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ. ಊರಿಂದ ಫೋನ್ ಮಾಡಿದವರು, 'ನಿಮ್ಮಲ್ಲಿ ನೀರು ಉರಿಯುತ್ತಂತಲ್ಲ' ಎಂದು ನಗುತ್ತಿದ್ದರು.

101ಕ್ಕೆ ಫೋನ್ ಮಾಡಿದೆ. 'ಗೊತ್ತಿದೆ ಮೇಡಂ, ಗಾಡಿ ಅಲ್ಲೇ ಇದೆ' ಅಂದರು. ಸುಳ್ಳಲ್ಲ. ಆದರೆ ಕೆರೆಯೊಳಗೆ ಗಾಡಿ ಇಳಿಸುವುದು ಹೇಗೆ? ಮೇಲೆ ಒಣಗಿದ ಹುಲ್ಲು, ಕೆಳಗೆ ಕೆಸರು. ಪಕ್ಕದಲ್ಲೇ ಸೇನೆಯ ಎಎಸ್‌ಸಿ ಸೆಂಟರ್ ಇದೆ. ಸೈನ್ಯಕ್ಕೆ ಅಕ್ಕಿ, ಬೇಳೆ, ಇಂಧನ ಒದಗಿಸುವ ವಿಭಾಗ ಅದು. ಅಲ್ಲಿಂದ ಸುಮಾರು 5,000 ಸೈನಿಕರು ಬೆಂಕಿ ಆರಿಸಲು ಬಂದರು. ನಾವು ಬಿಟ್ಟ ಚರಂಡಿ ನೀರು ಕುಡಿದು ಬೆಳೆದ ಹುಲ್ಲಿನ ಜೊತೆ ಅವರು ಗುದ್ದಾಡಬೇಕಾಯಿತು. ಮರುದಿನವೂ ಹೊಗೆಯಾಡುತ್ತಲೇ ಇತ್ತು.

ಬೆಂಕಿಗೆ ಅಷ್ಟು ಜನ ಬಂದರಲ್ಲ, ಹೊಗೆಗೆ? ಮಾವನಿಗೆ ಮೊದಲೇ ಉಬ್ಬಸ. ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿದ್ದೆ, ಆದರೂ ರಾತ್ರಿಯೆಲ್ಲಾ ಕೆಮ್ಮು. ಅವರನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೋ, ಬೇರೆ ಕಡೆ ಕಳಿಸಬೇಕೋ? ನಾನು ಕೇಳಬೇಕಿದ್ದದ್ದು ಅಷ್ಟೇ. ಬೆಳಗ್ಗೆ ಒಂದು ಕಚೇರಿಗೆ ಫೋನ್ ಮಾಡಿದೆ. 'ಕೆರೆ ನಮ್ದಲ್ಲ' ಅಂದರು. ನಾನು ಕೆರೆ ಕೇಳುತ್ತಿಲ್ಲ, ಗಾಳಿ ಕೇಳುತ್ತಿದ್ದೇನೆ ಅಂದೆ. ಇನ್ನೊಂದು ನಂಬರ್ ಕೊಟ್ಟರು. ಅಲ್ಲಿದ್ದಾತ ಪಾಪ, ಒಳ್ಳೆಯವನೇ. 'ಬೆಂಕಿ ಕಾಣ್ತಿದೆಯಾ?' ಎಂದು ಕೇಳಿದ. ಇಲ್ಲ, ಬರೀ ಹೊಗೆ ಅಂದೆ. 'ಹಾಗಾದ್ರೆ ಏನಂತ ಬರ್ಕೊಳ್ಲಿ ಮೇಡಂ?' ಅಂದ. ಅವನ ಪಟ್ಟಿಯಲ್ಲಿ ಕಸ ಇತ್ತು, ಚರಂಡಿ ಇತ್ತು, ಬೀದಿದೀಪ ಇತ್ತು. ಹೊಗೆ ಇರಲಿಲ್ಲ. ಕೊನೆಗೆ 'ಕಸ' ಎಂದೇ ಬರೆದುಕೊಂಡು ದೂರಿನ ಸಂಖ್ಯೆ ಕೊಟ್ಟ.

ಮಾವನನ್ನು ಆಟೋದಲ್ಲಿ ಜಯನಗರದ ನಾದಿನಿ ಮನೆಗೆ ಬಿಟ್ಟು ಬಂದೆ. ಪಂಚೆಯನ್ನು ಮೂರು ಸಲ ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ.

ಮಂಗಳವಾರ ಫೋನ್ ಬಂತು.

'ಮೇಡಂ, ನಿಮ್ಮ ಕಸದ ದೂರು. ಗಾಡಿ ಕಳಿಸಿದ್ವಿ, ನಿಮ್ಮ ಗೇಟ್ ಹತ್ರ ಕಸವೇ ಇರ್ಲಿಲ್ಲ. ಕ್ಲೋಸ್ ಮಾಡ್ಲಾ?'